‘ಪೆಟ್ಟಾಗಿದೆ’ ಎಂದರೆ ಸಾಲದು: ಕ್ಯಾಶುವಾಲಿಟಿಯಲ್ಲಿ ಕಿವಿಗೆ ಬೀಳುವ ಗಾಯದ ಪದಗಳು – ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ ಪಾಚಿ ಕಟ್ಟಿದ ಅಂಗಳದಲ್ಲಿ ಜಾರಿ ಕೈ ಊರಿದವರಿಗೂ ಪೆಟ್ಟು, ಅಡಿಕೆ ಮರದಿಂದ ಬಿದ್ದವರಿಗೂ ಪೆಟ್ಟು, ಹೈವೇಯಲ್ಲಿ ಬಸ್ಸಿನಡಿ ಸಿಕ್ಕಿದವರಿಗೂ ಪೆಟ್ಟು. ಆಸ್ಪತ್ರೆಯ ಬಾಗಿಲು ದಾಟಿದ ಮೇಲೆ ಈ ಒಂದು ಮಾತು ಇಪ್ಪತ್ತು ಮೂವತ್ತು ಮಾತುಗಳಾಗಿ ಒಡೆಯುತ್ತದೆ. ಪ್ರತಿ ಮಾತಿಗೂ ಬೇರೆ ಚಿಕಿತ್ಸೆ, ಬೇರೆ ಅವಸರ. ಮಂಗಳೂರು, ಉಡುಪಿ, ಮಣಿಪಾಲದ ತುರ್ತು ವಿಭಾಗಗಳಿಗೆ ಗಾಯಾಳುವಿನ ಜೊತೆ ಬರುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಎತ್ತಿಕೊಂಡಿದ್ದೇವೆ.

ಕ್ಯಾಶುವಾಲಿಟಿಗೆ ತಲುಪಿದ ಕೂಡಲೇ ಏನು ಹೇಳಬೇಕು?

ನಾಲ್ಕು ಸಂಗತಿ, ಇದೇ ಕ್ರಮದಲ್ಲಿ: ಹೇಗಾಯಿತು, ಎಲ್ಲಿಗೆ ಏಟು, ಈಗ ಹೇಗಿದ್ದಾರೆ, ದಾರಿಯಲ್ಲಿ ಏನು ಮಾಡಿದಿರಿ. ಉದಾಹರಣೆಗೆ: “ಪಡುಬಿದ್ರಿ ಹತ್ತಿರ ಬೈಕ್ ಸ್ಕಿಡ್, ಸಂಜೆ 7.20ಕ್ಕೆ. ಹೆಲ್ಮೆಟ್ ಇತ್ತು. ಬಲ ತೊಡೆ ಬಾಗಿದೆ, ಹೊಟ್ಟೆ ನೋವು ಅಂತಾರೆ. ಐದು ನಿಮಿಷ ಎಚ್ಚರ ಇರಲಿಲ್ಲ, ಈಗ ಮಾತಾಡ್ತಾರೆ. ತೊಡೆಗೆ ಹಲಗೆ ಕಟ್ಟಿದ್ದೇವೆ, ನೀರು ಕೊಟ್ಟಿಲ್ಲ.” ಹತ್ತು ಹದಿನೈದು ಸೆಕೆಂಡಿನ ಮಾತು.

‘ಹೇಗಾಯಿತು’ ಎಂಬುದನ್ನು ಮೊದಲು ಕೇಳುವುದಕ್ಕೆ ಕಾರಣ ಇದೆ. ಇದನ್ನು ಮೆಕ್ಯಾನಿಸಂ ಎನ್ನುತ್ತಾರೆ. ಹೊರಗೆ ಕಾಣದ ಏಟು ಎಲ್ಲಿರಬಹುದು ಎಂದು ಅದೇ ಹೇಳುತ್ತದೆ. ಸ್ಟಿಯರಿಂಗ್ ಎದೆಗೆ ತಾಗಿದ್ದರೆ ಪಕ್ಕೆಲುಬು ಮತ್ತು ಶ್ವಾಸಕೋಶ ನೋಡುತ್ತಾರೆ, ಬೈಕಿನ ಹ್ಯಾಂಡಲ್ ಹೊಟ್ಟೆಗೆ ಚುಚ್ಚಿದ್ದರೆ ಪಿತ್ತಜನಕಾಂಗ, ಗುಲ್ಮ ನೋಡುತ್ತಾರೆ. ಮರದಿಂದ ಬಿದ್ದವರಾದರೆ ಎಷ್ಟು ಅಡಿ ಎತ್ತರ, ಬಿದ್ದದ್ದು ಮಣ್ಣಿಗೋ ಕೆಂಪುಕಲ್ಲಿನ ಕಟ್ಟೆಗೋ ಎಂದು ಹೇಳಿ. 10 ಅಡಿಗಿಂತ ಎತ್ತರದಿಂದ ಬಿದ್ದವರನ್ನು, ನಡೆದುಕೊಂಡು ಬಂದರೂ, ಗಂಭೀರ ಎಂದೇ ಹಿಡಿದು ಪರೀಕ್ಷಿಸುತ್ತಾರೆ.

ಜೊತೆಗೆ ಇಷ್ಟನ್ನು ಬಿಡಬೇಡಿ: ಅಲರ್ಜಿ, ದಿನನಿತ್ಯದ ಮಾತ್ರೆ, ಹಳೆಯ ಕಾಯಿಲೆ, ಕೊನೆಗೆ ಊಟ ಮಾಡಿದ ಹೊತ್ತು. ಹೆಂಗಸರಾದರೆ ಬಸುರಿಯೋ ಅಲ್ಲವೋ. ರಕ್ತ ತೆಳು ಮಾಡುವ ಮಾತ್ರೆಯಿದ್ದರೆ (ಆಸ್ಪಿರಿನ್, ಕ್ಲೊಪಿಡೊಗ್ರೆಲ್, ವಾರ್ಫರಿನ್) ಅದರ ಚೀಟಿಯನ್ನೇ ತನ್ನಿ.

ನಮಗಿಂತ ಆಮೇಲೆ ಬಂದವರನ್ನು ಮೊದಲು ಒಳಗೆ ಕರೆದುಕೊಂಡರು. ಯಾಕೆ?

ಅದಕ್ಕೆ ಟ್ರಯಾಜ್ ಎಂದು ಹೆಸರು, ಅಂದರೆ ಅವಸರದ ಪ್ರಕಾರ ವಿಂಗಡಿಸುವುದು. ಕೆಂಪು ಎಂದರೆ ಈಗಲೇ ಕೈಹಾಕದಿದ್ದರೆ ಜೀವ ಹೋಗಬಹುದು. ಹಳದಿಯವರು ಗಂಭೀರ, ಆದರೆ ಸ್ವಲ್ಪ ಕಾಯಬಲ್ಲರು. ಹಸಿರು ಎಂದರೆ ನಡೆದಾಡುವ ಗಾಯಾಳು. ಕಪ್ಪು ಎಂದರೆ ತೀರಿಕೊಂಡವರು, ಅಥವಾ ದೊಡ್ಡ ಅಪಘಾತದಲ್ಲಿ ಉಳಿಸಲಾಗದವರು. ಮುಖವೆಲ್ಲ ರಕ್ತವಾಗಿ ಕಿರುಚುತ್ತಿರುವವನು ಹಳದಿಯಾಗಿ, ಒಂದು ಹನಿ ರಕ್ತ ಇಲ್ಲದೆ ಬೆವರುತ್ತ ಸುಮ್ಮನೆ ಮಲಗಿದವನು ಕೆಂಪಾಗಬಹುದು. ಕಾಯುವಾಗ ನಿಮ್ಮವರ ಸ್ಥಿತಿ ಬದಲಾದರೆ, ಅಂದರೆ ಉಸಿರು ಜೋರಾದರೆ, ಮಂಪರು ಬಂದರೆ, ಮತ್ತೆ ಮತ್ತೆ ವಾಂತಿಯಾದರೆ, ಹೋಗಿ ಹೇಳಿ. ಬಣ್ಣ ಬದಲಾಗುತ್ತದೆ.

ಕಾಲು ಮುರಿದದ್ದು ಕಣ್ಣಿಗೆ ಕಾಣುತ್ತಿದೆ, ಡಾಕ್ಟರು ಬಾಯಿ, ಎದೆ ನೋಡುತ್ತಾ ಕೂತಿದ್ದಾರಲ್ಲ?

ಪ್ರೈಮರಿ ಸರ್ವೇ ಎಂಬ ಮೊದಲ ಸುತ್ತಿನ ಪರೀಕ್ಷೆ ಅದು. ಎ – ಉಸಿರಿನ ದಾರಿ, ಜೊತೆಗೆ ಕುತ್ತಿಗೆಯ ರಕ್ಷಣೆ. ಬಿ – ಉಸಿರಾಟ. ಸಿ – ರಕ್ತಸಂಚಾರ, ರಕ್ತಸ್ರಾವ. ಡಿ – ಪ್ರಜ್ಞೆ. ಇ – ಬಟ್ಟೆ ಕತ್ತರಿಸಿ ಇಡೀ ಮೈ ನೋಡುವುದು, ಆಮೇಲೆ ಹೊದೆಸಿ ಬೆಚ್ಚಗಿಡುವುದು. ಯಾವುದು ಬೇಗ ಕೊಲ್ಲುತ್ತದೋ ಅದು ಮೊದಲು. ಉಸಿರಿನ ದಾರಿ ಕಟ್ಟಿದರೆ ಕೆಲವೇ ನಿಮಿಷ, ಮುರಿದ ಮೊಣಕಾಲಿಗೆ ಗಂಟೆಗಳಿವೆ. ತಲೆಯಿಂದ ಕಾಲಿನವರೆಗಿನ ನಿಧಾನದ ಪರೀಕ್ಷೆ ಆಮೇಲೆ ನಡೆಯುತ್ತದೆ, ಅದು ಸೆಕೆಂಡರಿ ಸರ್ವೇ. ಬೆರಳಿನ ಸಣ್ಣ ಮುರಿತದಂಥವು ಅದರಲ್ಲೂ ಕೈತಪ್ಪಿ ಹೋಗುವುದುಂಟು. ಮರುದಿನ ಹೊಸ ಜಾಗದಲ್ಲಿ ನೋವು ಕಂಡರೆ ಮುಜುಗರಪಡದೆ ಹೇಳಿ.

ಚೀಟಿಯಲ್ಲಿ ಅಬ್ರೇಷನ್, ಕಂಟ್ಯೂಷನ್, ಸಿಎಲ್‌ಡಬ್ಲ್ಯು ಎಂದೆಲ್ಲ ಬರೆದಿದ್ದಾರೆ. ಇವು ಏನು?

ಅಬ್ರೇಷನ್ ಎಂದರೆ ತರಚು ಗಾಯ. ಚರ್ಮದ ಮೇಲ್ಪದರ ಮಾತ್ರ ಕಿತ್ತಿರುತ್ತದೆ. ರಸ್ತೆಯಲ್ಲಿ ಉಜ್ಜಿಕೊಂಡು ಹೋದ ತರಚಿನಲ್ಲಿ ಡಾಂಬರು, ಮರಳಿನ ಕಣ ಸೇರಿರುತ್ತದೆ. ಅದನ್ನು ನೋವಾದರೂ ಉಜ್ಜಿ ತೊಳೆಯಲೇಬೇಕು, ಉಳಿದರೆ ಚರ್ಮದೊಳಗೆ ಹಚ್ಚೆಯ ಹಾಗೆ ಕಪ್ಪು ನಿಂತುಬಿಡುತ್ತದೆ.

ಕಂಟ್ಯೂಷನ್ ಎಂದರೆ ಚರ್ಮ ಹರಿಯದೆ ಒಳಗೆ ರಕ್ತ ಒಸರಿ ಕಂದುವುದು. ಪೊಲೀಸ್ ದೂರುಗಳಲ್ಲಿ ‘ಗುದ್ದಿದ ಗಾಯ’ ಎಂದು ಬರುವುದು ಹೆಚ್ಚಾಗಿ ಇದೇ. ರಕ್ತ ಒಂದೇ ಕಡೆ ಗಡ್ಡೆಯಾಗಿ ನಿಂತು ಉಬ್ಬಿದರೆ ಹೆಮಟೋಮಾ.

ಲ್ಯಾಸರೇಷನ್ ಎಂದರೆ ಹರಿದ ಗಾಯ. ಇನ್ಸೈಸ್ಡ್ ವೂಂಡ್ ಎಂದರೆ ಕೊಯ್ದ ಗಾಯ. ಎರಡೂ ಬಾಯಿ ಬಿಟ್ಟಿರುತ್ತವೆ, ಎರಡಕ್ಕೂ ಹೊಲಿಗೆ ಬೀಳಬಹುದು, ಹಾಗಾಗಿ ಒಂದೇ ಎಂದುಕೊಳ್ಳುವವರು ಬಹಳ. ಅಂಚು ನೋಡಿ. ಮೆಟ್ಟುಕತ್ತಿ ತಾಗಿದ ಗಾಯದ ಅಂಚು ಬ್ಲೇಡಿನಿಂದ ಕಾಗದ ಕೊಯ್ದ ಹಾಗೆ ನೇರ, ರಕ್ತ ಜಾಸ್ತಿ. ಕಲ್ಲಿಗೆ ಹಣೆ ಬಡಿದ ಗಾಯದ ಅಂಚು ಜಜ್ಜಿ ಸೊಟ್ಟಗಿರುತ್ತದೆ. ಬೆರಳಿನಿಂದ ಬಿಡಿಸಿದರೆ ಎರಡು ಅಂಚಿನ ನಡುವೆ ಬಿಳಿ ಎಳೆಗಳು ಸೇತುವೆಯಂತೆ ಕಾಣುತ್ತವೆ. ಇಂಥ ಜಜ್ಜಿ ಹರಿದ ಗಾಯಕ್ಕೇ ಸಿಎಲ್‌ಡಬ್ಲ್ಯು ಎಂದು ಬರೆಯುವುದು. ಹೊಡೆದಾಟದ ಪ್ರಕರಣದಲ್ಲಿ ಈ ಒಂದು ಪದದ ಮೇಲೆ ‘ಹರಿತವಾದ ಆಯುಧವೋ, ಮೊಂಡು ಆಯುಧವೋ’ ಎಂಬುದು ನಿಲ್ಲುತ್ತದೆ, ಆದ್ದರಿಂದ ವೈದ್ಯರು ಹೊಲಿಗೆ ಹಾಕುವ ಮೊದಲೇ ಅಂಚು ನೋಡಿ ಅಳತೆ ಬರೆದಿಡಬೇಕು.

ಅವಲ್ಷನ್ ಎಂದರೆ ಚರ್ಮ, ಮಾಂಸ ಕಿತ್ತು ಜೋತಾಡುವುದು. ಯಂತ್ರದ ರೋಲರಿಗೆ ಕೈ ಸಿಕ್ಕಿ ಚರ್ಮ ಕಾಲುಚೀಲದಂತೆ ಸುಲಿದು ಬಂದರೆ ಡಿಗ್ಲೋವಿಂಗ್. ಜೋತಾಡುವ ತುಂಡನ್ನು ಕತ್ತರಿಸಿ ಬಿಸಾಡಬೇಡಿ, ಇದ್ದ ಜಾಗಕ್ಕೆ ಮಡಚಿಟ್ಟು ಒದ್ದೆ ಬಟ್ಟೆ ಮುಚ್ಚಿ ತನ್ನಿ. ಮತ್ತೆ ಜೋಡಿಸಲು ಅದೇ ಬೇಕಾಗುತ್ತದೆ.

ಗಾಯಕ್ಕೆ ಕಮ್ಯುನಿಸ್ಟ್ ಗಿಡದ ರಸ ಹಿಂಡಿ ತಂದಿದ್ದೇವೆ. ತಪ್ಪೇ?

ತೋಟದಲ್ಲಿ ಸಣ್ಣ ಗೀರಾದಾಗ ಎಲೆ ಜಜ್ಜಿ ಹಿಂಡುವ ರೂಢಿ ಹಳೆಯದು. ಹೊಲಿಗೆ ಬೇಕಾಗುವ ಗಾಯಕ್ಕೆ ಮಾತ್ರ ಎಲೆರಸ, ಕಾಫಿಪುಡಿ, ಸುಣ್ಣ, ಅರಸಿನ ಯಾವುದೂ ಬೇಡ. ಮಣ್ಣಿನ ಅಂಶ ಒಳಗೆ ಹೋಗುವುದು ಒಂದು ತೊಂದರೆ. ಇನ್ನೊಂದು, ಹಸಿರು ಕಂದು ಬಣ್ಣದಲ್ಲಿ ಗಾಯದ ತಳ ಕಾಣುವುದಿಲ್ಲ. ನರ ಕಡಿದಿದೆಯೋ, ಸ್ನಾಯುರಜ್ಜು ತುಂಡಾಗಿದೆಯೋ ಎಂದು ನೋಡಲು ಅರ್ಧ ಗಂಟೆ ತೊಳೆಯುವುದೇ ಕೆಲಸವಾಗುತ್ತದೆ. ನಳ್ಳಿಯ ಹರಿಯುವ ನೀರಿನಲ್ಲಿ ತೊಳೆದು ಶುದ್ಧ ಬಟ್ಟೆ ಒತ್ತಿ ತಂದರೆ ಸಾಕು.

ಚುಚ್ಚಿದ ಗಾಯದ ಬಾಯಿ ಸಣ್ಣದು, ರಕ್ತವೂ ಇಲ್ಲ. ಆದರೂ ಗಂಭೀರವೇ?

ಪಂಕ್ಚರ್ ವೂಂಡ್‌ನಲ್ಲಿ ಬಾಯಿಗಿಂತ ಆಳ ಹೆಚ್ಚು. ಮೇಲೆ ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೊಳೆ ಉಳಿಯುತ್ತದೆ. ಮಲ್ಪೆ, ಪಣಂಬೂರು, ಗಂಗೊಳ್ಳಿ ಕಡೆ ತೊರಕೆ ಮೀನಿನ ಮುಳ್ಳು ಕಾಲಿಗೆ ಹೊಕ್ಕವರಲ್ಲಿ ಇದನ್ನು ಚೆನ್ನಾಗಿ ಕಾಣಬಹುದು. ಮುಳ್ಳಿನ ಅಂಚಿಗೆ ಗರಗಸದ ಹಲ್ಲು, ಜೊತೆಗೆ ವಿಷ. ತಡೆದುಕೊಳ್ಳುವಷ್ಟು ಬಿಸಿಯ, 45 ಡಿಗ್ರಿ ಮೀರದ ನೀರಿನಲ್ಲಿ ಪಾದವನ್ನು 30ರಿಂದ 90 ನಿಮಿಷ ಅದ್ದಿಟ್ಟರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ಗಾಯಾಳುವಿನ ಇನ್ನೊಂದು ಕಾಲಿನಿಂದ ಪರೀಕ್ಷಿಸಿ, ನೋವಿನ ಕಾಲಿಗೆ ಸುಟ್ಟದ್ದು ಗೊತ್ತಾಗದೆ ಹೋಗಬಹುದು. ಆಮೇಲೆ ಎಕ್ಸ್‌ರೇಗೆ ಬನ್ನಿ, ಮುಳ್ಳಿನ ತುದಿ ಒಳಗೇ ಮುರಿದು ಉಳಿಯುವುದುಂಟು.

ಎದೆ, ಹೊಟ್ಟೆ, ಕುತ್ತಿಗೆ, ಕಣ್ಣಿಗೆ ಏನು ಹೊಕ್ಕಿದ್ದರೂ, ಕತ್ತಿಯಾಗಲಿ ಸರಳಾಗಲಿ, ಅಲ್ಲೇ ಕೀಳಬೇಡಿ. ಒಳಗೆ ತೂತಾದ ರಕ್ತನಾಳಕ್ಕೆ ಸದ್ಯಕ್ಕೆ ಅದೇ ಬಿರಡೆ. ಸುತ್ತ ಬಟ್ಟೆ ಸುರುಳಿಯಿಟ್ಟು ಅಲುಗದಂತೆ ಕಟ್ಟಿ, ಉದ್ದವಿದ್ದರೆ ಹೊರಗಿನ ಭಾಗ ಹಿಡಿದುಕೊಂಡೇ ತನ್ನಿ.

ರಕ್ತ ನಿಲ್ಲುತ್ತಿಲ್ಲ. ಮೇಲೆ ಬಿಗಿಯಾಗಿ ಕಟ್ಟಬಹುದೇ?

ಮೊದಲು ಗಾಯದ ಮೇಲೇ ಬಟ್ಟೆಯಿಟ್ಟು ಅಂಗೈಯಿಂದ ಒತ್ತಿ. ಎತ್ತಿ ಎತ್ತಿ ನೋಡಬೇಡಿ, ಹತ್ತು ನಿಮಿಷ ಬಿಡದೆ ಒತ್ತಬೇಕು. ಬಟ್ಟೆ ನೆನೆದರೆ ಅದರ ಮೇಲೆ ಇನ್ನೊಂದು.

ಕೈಕಾಲಿನಿಂದ ಚಿಮ್ಮುವ ರಕ್ತ ಇದಕ್ಕೂ ನಿಲ್ಲದಿದ್ದರೆ ಟೂರ್ನಿಕೆ. ಗಾಯದಿಂದ 5ರಿಂದ 7 ಸೆಂಟಿಮೀಟರ್ ಮೇಲೆ, ಕೀಲಿನ ಮೇಲಲ್ಲದೆ, ನಾಲ್ಕು ಬೆರಳಗಲದ ಬಟ್ಟೆ ಕಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುಚಬೇಕು. ಸಪೂರ ನೈಲಾನ್ ಬಳ್ಳಿ ಬೇಡ, ಅದು ಚರ್ಮ ಮತ್ತು ನರ ಕೊಯ್ಯುತ್ತದೆ. ಅರೆಬಿಗಿ ಕಟ್ಟು ಇನ್ನೂ ಕೆಟ್ಟದ್ದು: ಮೇಲಿನ ಅಭಿಧಮನಿಗಳು ಮುಚ್ಚಿ ಆಳದ ಧಮನಿ ತೆರೆದೇ ಇರುವುದರಿಂದ ರಕ್ತಸ್ರಾವ ಹೆಚ್ಚುತ್ತದೆ. ಕಟ್ಟಿದ ಗಂಟೆಯನ್ನು ಹಣೆಯ ಮೇಲೋ ಕೈ ಮೇಲೋ ಪೆನ್ನಿನಿಂದ ಬರೆಯಿರಿ. ದಾರಿಯಲ್ಲಿ ಸಡಿಲಿಸಬೇಡಿ.

ಆಸ್ಪತ್ರೆಯಲ್ಲಿ ‘ಟ್ರಾನೆಕ್ಸಾ’ ಎಂದು ಕೇಳಿದರೆ ಅದು ಟ್ರಾನೆಕ್ಸಾಮಿಕ್ ಆಸಿಡ್, ಹೆಪ್ಪುಗಟ್ಟಿದ ರಕ್ತ ಕರಗದಂತೆ ತಡೆಯುವ ಔಷಧ. 1 ಗ್ರಾಂ ಅನ್ನು ಹತ್ತು ನಿಮಿಷದಲ್ಲಿ ಕೊಡುತ್ತಾರೆ. ಗಾಯವಾಗಿ 3 ಗಂಟೆಯೊಳಗೆ ಕೊಟ್ಟರಷ್ಟೇ ಪ್ರಯೋಜನ. ಗಾಯವಾದ ಹೊತ್ತನ್ನು ಸರಿಯಾಗಿ ಹೇಳಿ ಎನ್ನುವುದು ಇದಕ್ಕೂ ಸೇರಿ.

‘ಶಾಕ್‌ನಲ್ಲಿದ್ದಾರೆ’ ಎಂದರು. ಕರೆಂಟ್ ಹೊಡೆದಿಲ್ಲವಲ್ಲ, ಹೆದರಿದ್ದಾರೆ ಅಂತಲೇ?

ಎರಡೂ ಅಲ್ಲ. ಈ ಒಂದು ಪದ ಮಾಡುವಷ್ಟು ಗೊಂದಲ ಬೇರೆ ಯಾವುದೂ ಮಾಡುವುದಿಲ್ಲ, ಮನೆಯವರು ‘ಹೆದರಿಕೆ ತಾನೇ, ಇಳಿಯುತ್ತದೆ’ ಎಂದು ಸಮಾಧಾನದಲ್ಲಿ ಕೂರುತ್ತಾರೆ. ವೈದ್ಯರ ಮಾತಿನಲ್ಲಿ ಶಾಕ್ ಎಂದರೆ ಅಂಗಾಂಗಗಳಿಗೆ ಬೇಕಾದಷ್ಟು ರಕ್ತ ತಲುಪದಿರುವುದು. ಗಾಯಾಳುಗಳಲ್ಲಿ ಹೆಚ್ಚಾಗಿ ರಕ್ತ ನಷ್ಟವೇ ಕಾರಣ. ಜೀವಕ್ಕೆ ಅಪಾಯ ಎಂದು ತಿಳಿಯಿರಿ.

70 ಕೆ.ಜಿ. ತೂಕದವರಲ್ಲಿ ಸುಮಾರು 5 ಲೀಟರ್ ರಕ್ತ ಇರುತ್ತದೆ. 750 ಮಿ.ಲೀ.ವರೆಗೆ ಹೋದರೆ ಹೆಚ್ಚೇನೂ ತೋರುವುದಿಲ್ಲ. ಒಂದೂವರೆ ಲೀಟರ್ ಹತ್ತಿರವಾಗುವಾಗ ನಾಡಿ ಓಡುತ್ತದೆ, ಕೈಕಾಲು ತಣ್ಣಗಾಗಿ ಬೆವರುತ್ತದೆ, ಬಾಯಾರಿಕೆ, ಚಡಪಡಿಕೆ. ಮಲಗಿದಲ್ಲಿ ಬಿಪಿ ಮಾತ್ರ ಆಗಲೂ ಬೀಳದೆ ಇರಬಹುದು! ಅದು ಬೀಳುವ ಹೊತ್ತಿಗೆ ದೇಹದ ಮೂರನೇ ಒಂದು ಭಾಗದಷ್ಟು ರಕ್ತ ಹೋಗಿರುತ್ತದೆ. ‘ಬಿಪಿ ಸಮ ಉಂಟು’ ಎಂದ ಮಾತ್ರಕ್ಕೆ ನಿಶ್ಚಿಂತೆ ಬೇಡ. ಬಿಪಿಗೋ ಹೃದಯಕ್ಕೋ ಬೀಟಾ ಬ್ಲಾಕರ್ ಮಾತ್ರೆ ತಿನ್ನುವ ವಯಸ್ಸಾದವರಲ್ಲಿ ನಾಡಿಯೂ ಓಡುವುದಿಲ್ಲ, ಅವರ ಶಾಕ್ ಇನ್ನೂ ಗುಪ್ತ.

ರಕ್ತ ಹೊರಗೇ ಹರಿಯಬೇಕೆಂದಿಲ್ಲ. ತೊಡೆಯೆಲುಬು ಮುರಿದರೆ ತೊಡೆಯೊಳಗೇ ಒಂದರಿಂದ ಒಂದೂವರೆ ಲೀಟರ್ ಸೇರಬಹುದು. ಸೊಂಟದ ಉಂಗುರ ಒಡೆದರೆ ಇನ್ನೂ ಹೆಚ್ಚು. ಎದೆಗೂಡು, ಹೊಟ್ಟೆಯೂ ಹಾಗೆಯೇ.

ಬೆರಳು ತುಂಡಾಗಿದೆ. ಐಸ್‌ನಲ್ಲಿ ಹಾಕಿ ತಂದಿದ್ದೇವೆ. ಸರಿಯಲ್ಲವೇ?

ಐಸ್ ಬೇಕು, ಆದರೆ ಬೆರಳಿಗೆ ನೇರವಾಗಿ ತಾಗಬಾರದು. ಬೋಟಿನ ವಿಂಚ್‌ನಲ್ಲಿ ಹಗ್ಗಕ್ಕೆ ಸಿಕ್ಕಿ ಬೆರಳು ಹೋದಾಗ ಬಂದರಿನಲ್ಲಿ ಐಸ್‌ಗೆ ಬರವಿಲ್ಲ, ಮೀನಿನ ಪೆಟ್ಟಿಗೆಯ ಐಸ್‌ಪುಡಿಯೊಳಗೇ ಬೆರಳು ಹೂತು ತರುತ್ತಾರೆ. ಐಸ್ ತಾಗಿದ ಕಡೆ ಬೆರಳು ಬಿಳಿಚಿ ಗಟ್ಟಿಯಾಗಿ ಹೆಪ್ಪುಗಟ್ಟುತ್ತದೆ, ಕೋಶಗಳು ಒಡೆಯುತ್ತವೆ. ಕರಗಿದ ನೀರಿನಲ್ಲಿ ನೆನೆದ ಭಾಗ ಸೆಟೆದು ಉಬ್ಬುತ್ತದೆ. ಒಂದು ಮಿಲಿಮೀಟರ್ ಆಸುಪಾಸಿನ ದಪ್ಪದ ರಕ್ತನಾಳವನ್ನು ಸೂಕ್ಷ್ಮದರ್ಶಕದಡಿ ಹೊಲಿಯುವವರಿಗೆ ಅಂಥ ಬೆರಳು ಒದಗುವುದಿಲ್ಲ.

ಮಾಡಬೇಕಾದದ್ದು ಹೀಗೆ. ಸಲೈನ್ ಅಥವಾ ಶುದ್ಧ ನೀರಿನಲ್ಲಿ ಬೆರಳನ್ನು ಒಮ್ಮೆ ತೊಳೆಯಿರಿ, ಉಜ್ಜಬೇಡಿ, ಡೆಟಾಲ್ ಬೇಡ. ಒದ್ದೆ ಮಾಡಿ ಹಿಂಡಿದ ಶುದ್ಧ ಬಟ್ಟೆಯಲ್ಲಿ ಸುತ್ತಿ. ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕಿ ಗಾಳಿ ಹೊರಡಿಸಿ ಬಾಯಿ ಬಿಗಿಯಿರಿ. ಆ ತೊಟ್ಟೆಯನ್ನು ಅರ್ಧ ಐಸ್ ಅರ್ಧ ನೀರು ಇರುವ ಇನ್ನೊಂದು ತೊಟ್ಟೆಯಲ್ಲೋ ಡಬ್ಬದಲ್ಲೋ ಇಡಿ. ಮೇಲೆ ಹೆಸರು, ಗಂಟೆ ಬರೆಯಿರಿ. ಬೆರಳಲ್ಲಿ ಮಾಂಸಖಂಡ ಇಲ್ಲದ್ದರಿಂದ ಹೀಗೆ ತಂಪಾಗಿಟ್ಟರೆ 24 ಗಂಟೆವರೆಗೂ ಜೋಡಿಸಲು ಪ್ರಯತ್ನಿಸಬಹುದು. ತೋಳು, ಕಾಲಿಗೆ ಅಷ್ಟು ಅವಕಾಶವಿಲ್ಲ, ತಂಪಿಲ್ಲದೆ 6 ಗಂಟೆಯೊಳಗೆ ಮಾಂಸಖಂಡ ಸಾಯತೊಡಗುತ್ತದೆ. ಜಜ್ಜಿಹೋದ ಬೆರಳಾದರೂ ತನ್ನಿ, ಆಗುತ್ತದೋ ಇಲ್ಲವೋ ಪ್ಲಾಸ್ಟಿಕ್ ಸರ್ಜನ್ ನೋಡಿ ಹೇಳಲಿ.

ಕಂಪೌಂಡ್, ಕಮ್ಯುನ್ಯೂಟೆಡ್, ಹೇರ್‌ಲೈನ್ – ಇದರಲ್ಲಿ ಯಾವುದು ಕೆಟ್ಟದ್ದು?

ಹೇರ್‌ಲೈನ್ ಎಂದರೆ ಎಲುಬಿನಲ್ಲಿ ಕೂದಲೆಳೆಯ ಬಿರುಕು, ತುಂಡುಗಳು ಸರಿದಿಲ್ಲ. ಗ್ರೀನ್‌ಸ್ಟಿಕ್ ಎಂದರೆ ಮಕ್ಕಳ ಎಳೆ ಎಲುಬು ಹಸಿ ಕಡ್ಡಿಯಂತೆ ಒಂದು ಬದಿ ಸೀಳಿ ಬಾಗುವುದು. ಕಮ್ಯುನ್ಯೂಟೆಡ್ ಎಂದರೆ ಹಲವು ತುಂಡಾಗಿ ಒಡೆದದ್ದು. ಡಿಸ್‌ಪ್ಲೇಸ್ಡ್ ಎಂದರೆ ತುಂಡು ಜಾಗ ಬಿಟ್ಟದ್ದು.

ಕಂಪೌಂಡ್, ಈಗಿನ ಮಾತಿನಲ್ಲಿ ಓಪನ್ ಫ್ರಾಕ್ಚರ್, ಎಂದರೆ ಮುರಿದ ಎಲುಬಿಗೂ ಹೊರಗಿನ ಗಾಳಿಗೂ ಗಾಯದ ಮೂಲಕ ದಾರಿಯಾಗಿದೆ. ಕಂಪೌಂಡ್ ಮತ್ತು ಕಮ್ಯುನ್ಯೂಟೆಡ್ ಕಿವಿಗೆ ಹತ್ತಿರ, ಅದಲುಬದಲು ಹೇಳುವವರಿದ್ದಾರೆ. ಅವಸರ ಕಂಪೌಂಡಿಗೆ, ಏಕೆಂದರೆ ಎಲುಬಿಗೆ ಸೋಂಕು ತಗಲಿದರೆ ತಿಂಗಳುಗಟ್ಟಲೆ ಕೀವು. ಆಂಟಿಬಯೋಟಿಕ್ ಇಂಜೆಕ್ಷನ್ ಒಂದು ಗಂಟೆಯೊಳಗೆ ಹೋಗಬೇಕು. ಮುರಿದ ಜಾಗದ ಪಕ್ಕ ಸೂಜಿ ಚುಚ್ಚಿದಷ್ಟು ತೂತಿದ್ದು ಎಣ್ಣೆಯಂಶ ಬೆರೆತ ರಕ್ತ ಒಸರುತ್ತಿದ್ದರೂ ಅದು ಓಪನ್ನೇ. ಹೊರಬಂದ ಎಲುಬನ್ನು ಒಳಗೆ ತಳ್ಳಬೇಡಿ. ಒದ್ದೆ ಶುದ್ಧ ಬಟ್ಟೆ ಮುಚ್ಚಿ, ಹೇಗಿದೆಯೋ ಹಾಗೆ ಹಲಗೆ ಕಟ್ಟಿ. ಮುರಿದ ಜಾಗದ ಮೇಲಿನ ಕೀಲು, ಕೆಳಗಿನ ಕೀಲು ಎರಡೂ ಅಲುಗದ ಹಾಗಿರಬೇಕು.

ಕಟ್ಟು ಹಾಕಿದ ಮೇಲೆ ನೋವು ಜಾಸ್ತಿಯಾಗಿದೆ. ಸಹಿಸಿಕೊಳ್ಳಬೇಕೇ?

ಬೇಡ. ಎಲುಬು ಕಟ್ಟಿದ ಮೇಲೆ ನೋವು ಇಳಿಯಬೇಕು. ಏರುತ್ತಿದ್ದರೆ ಕಂಪಾರ್ಟ್‌ಮೆಂಟ್ ಸಿಂಡ್ರೋಮ್ ಇರಬಹುದು. ಮುಂಗೈ ಮತ್ತು ಮೊಣಕಾಲಿನ ಕೆಳಗಿನ ಮಾಂಸಖಂಡಗಳು ಹಿಗ್ಗದ ಪೊರೆಯ ಚೀಲದೊಳಗೆ ಇರುತ್ತವೆ. ಒಳಗೆ ಊತ ಬಂದು ಒತ್ತಡ ಏರಿದಾಗ ಸಣ್ಣ ರಕ್ತನಾಳ ಮುಚ್ಚಿ ಖಂಡ ಸಾಯುತ್ತದೆ. ಹೊರಗಿನ ಬಿಗಿ ಕಟ್ಟು ಇದನ್ನು ಬೇಗ ತರುತ್ತದೆ, ಅದು ಆಸ್ಪತ್ರೆಯ ಪ್ಲಾಸ್ಟರ್ ಆಗಿರಲಿ, ಊರಿನಲ್ಲಿ ಎಲುಬು ಕಟ್ಟುವವರ ಬಿದಿರಿನ ಪಟ್ಟಿ ಆಗಿರಲಿ. ಹೊಸ ಮುರಿತಕ್ಕೆ ಮೊದಲು ಸುತ್ತಲೂ ಮುಚ್ಚಿದ ಕಾಸ್ಟ್ ಹಾಕದೆ ಒಂದು ಬದಿಯ ಸ್ಲ್ಯಾಬ್ ಹಾಕುವುದು ಇದೇ ಕಾರಣಕ್ಕೆ.

ಪತ್ತೆಹಚ್ಚುವುದು ಸುಲಭ: ಗಾಯಾಳುವಿನ ಕೈ ಅಥವಾ ಕಾಲಿನ ಬೆರಳನ್ನು ನೀವು ಮೆಲ್ಲ ನೇರ ಮಾಡಿ. ಮೇಲೆ ಖಂಡದಲ್ಲಿ ಜೀವ ಹೋಗುವಷ್ಟು ನೋವಾದರೆ ತಡಮಾಡಬೇಡಿ. ನಾಡಿ ಸಿಗುತ್ತದೆ ಎಂದು ಕಾಯುವುದು ತಪ್ಪು, ಅದು ನಿಲ್ಲುವುದು ತೀರಾ ಕೊನೆಗೆ. ಸುಮಾರು 6 ಗಂಟೆ ದಾಟಿದರೆ ಖಂಡ ಮರಳಿ ಬರುವುದಿಲ್ಲ. ಕಟ್ಟನ್ನು ಚರ್ಮ ಕಾಣುವವರೆಗೆ ಪೂರ್ತಿ ಸೀಳಬೇಕು. ಅದಕ್ಕೂ ಇಳಿಯದಿದ್ದರೆ ಪೊರೆಯನ್ನು ಉದ್ದಕ್ಕೆ ಕೊಯ್ದು ಬಿಡಿಸುವ ಫ್ಯಾಸಿಯಾಟಮಿ.

ಸ್ಪ್ರೇನ್, ಸ್ಟ್ರೇನ್, ಡಿಸ್‌ಲೊಕೇಷನ್?

ಸ್ಪ್ರೇನ್ ಎಂದರೆ ಎಲುಬುಗಳನ್ನು ಹಿಡಿದಿಡುವ ಲಿಗಮೆಂಟ್ ಎಳೆದದ್ದು, ನಮ್ಮ ಉಳುಕು. ಸ್ಟ್ರೇನ್ ಮಾಂಸಖಂಡದ ಎಳೆತ. ಡಿಸ್‌ಲೊಕೇಷನ್ ಎಂದರೆ ಕೀಲು ತಪ್ಪಿದ್ದು, ಅರ್ಧ ತಪ್ಪಿದ್ದರೆ ಸಬ್‌ಲಕ್ಸೇಷನ್. ತಪ್ಪಿದ ಭುಜವನ್ನು ಮನೆಯಲ್ಲಿ ಎಳೆಯಬೇಡಿ. ಜೊತೆಗೆ ಮುರಿತವಿದ್ದರೆ ಎಳೆದಾಗ ನರ, ರಕ್ತನಾಳ ಸಿಕ್ಕಿಕೊಳ್ಳುತ್ತದೆ, ಅದಕ್ಕೇ ಕೂರಿಸುವ ಮೊದಲೂ ಆಮೇಲೂ ಎಕ್ಸ್‌ರೇ. ಉಳುಕಿಗೆ ಮೊದಲ ಎರಡು ದಿನ ತಿಕ್ಕಬೇಡಿ, ಬಿಸಿ ಶಾಖ ಬೇಡ. ಕಾಲು ಉಳುಕಿದವರು ನಾಲ್ಕು ಹೆಜ್ಜೆ ಇಡಲಾಗದಿದ್ದರೆ ಎಕ್ಸ್‌ರೇ ಮಾಡಿಸಿ.

ಜಿಸಿಎಸ್ 13 ಎಂದರು. ನೂರರಲ್ಲಿ 13 ಅಂಕವೇ?

15ರಲ್ಲಿ 13. ಗ್ಲಾಸ್ಗೊ ಕೋಮಾ ಸ್ಕೇಲ್ ಎಂಬ ಈ ಪ್ರಜ್ಞೆಯ ಅಳತೆ 1974ರಲ್ಲಿ ಗ್ಲಾಸ್ಗೊ ನಗರದಲ್ಲಿ ಹುಟ್ಟಿತು. ಕಣ್ಣಿಗೆ 4, ಮಾತಿಗೆ 5, ಚಲನೆಗೆ 6. ತೀರಾ ಕಡಿಮೆ ಎಂದರೆ 3, ಸೊನ್ನೆ ಎಂಬುದಿಲ್ಲ. ಕರೆದಾಗ ಕಣ್ಣು ಬಿಟ್ಟರೆ 3, ಗೊಂದಲದ ಮಾತಾಡಿದರೆ 4, ‘ಕೈ ಎತ್ತಿ’ ಎಂದರೆ ಎತ್ತಿದರೆ 6, ಕೂಡಿಸಿ 13. ಚೀಟಿಯಲ್ಲಿ ಇದು ಇ3 ವಿ4 ಎಂ6 ಎಂದಿರುತ್ತದೆ. 13ರಿಂದ 15 ಲಘು, 9ರಿಂದ 12 ಮಧ್ಯಮ, 8 ಅಥವಾ ಅದಕ್ಕಿಂತ ಕಡಿಮೆ ತೀವ್ರ. 8ಕ್ಕೆ ಇಳಿದರೆ ನಾಲಿಗೆ ಹಿಂದೆ ಜಾರಿ ಉಸಿರಿನ ದಾರಿ ಕಟ್ಟುವ ಭಯ ಇರುವುದರಿಂದ ಸಾಮಾನ್ಯವಾಗಿ ಗಂಟಲಿಗೆ ಟ್ಯೂಬ್ ಹಾಕುತ್ತಾರೆ. ಒಂದು ಸಲದ ಅಂಕಕ್ಕಿಂತ ಅದು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದು ಮುಖ್ಯ.

ನಮ್ಮ ಜಿಲ್ಲೆಗಳಲ್ಲಿ ಇಲ್ಲೊಂದು ಎಡವಟ್ಟು ಆಗುತ್ತದೆ. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಮಾತ್ರ ಆಡುವ ಅಜ್ಜಿಯನ್ನು ಹೊರರಾಜ್ಯದಿಂದ ಬಂದ ಯುವ ವೈದ್ಯರು ಹಿಂದಿಯಲ್ಲಿ ‘ಇದು ಯಾವ ಊರು’ ಎಂದು ಕೇಳುತ್ತಾರೆ. ಅಜ್ಜಿ ಸುಮ್ಮನಿದ್ದರೆ ಮಾತಿನ ಅಂಕ ಕುಸಿಯುತ್ತದೆ. ಮಿದುಳಿನಲ್ಲಿ ದೋಷವಿಲ್ಲ, ಭಾಷೆ ತಲುಪಲಿಲ್ಲ ಅಷ್ಟೆ. ಯಾವ ಭಾಷೆ, ಕಿವಿ ಮಂದವೇ, ಮೊದಲಿನಿಂದ ಮರೆವಿದೆಯೇ, ಕುಡಿದಿದ್ದರೇ ಎಂದು ತಕ್ಷಣ ಹೇಳಿ. ಕಣ್ಣಿನ ಪೊರೆ ಆಪರೇಷನ್ ಆಗಿದ್ದರೆ ಅದನ್ನೂ ಹೇಳಿ, ಟಾರ್ಚ್ ಬಿಟ್ಟು ಕಣ್ಣಿನ ಪಾಪೆ ನೋಡುವಾಗ ಅದು ದಾರಿ ತಪ್ಪಿಸುತ್ತದೆ.

ಇಡಿಎಚ್, ಎಸ್‌ಡಿಎಚ್ – ಎರಡರಲ್ಲೂ ತಲೆಯೊಳಗೆ ರಕ್ತವೇ ತಾನೇ?

ಹೌದು, ಆದರೆ ಪದರ ಬೇರೆ. ಇಡಿಎಚ್‌ನಲ್ಲಿ ತಲೆಬುರುಡೆಗೂ ಅದರೊಳಗಿನ ಗಟ್ಟಿ ಪೊರೆಗೂ ನಡುವೆ ರಕ್ತ ಸೇರುತ್ತದೆ, ಹೆಚ್ಚಾಗಿ ಕಿವಿಯ ಮೇಲ್ಭಾಗದ ತೆಳು ಎಲುಬು ಬಿರಿದು ಅಲ್ಲಿನ ಧಮನಿ ಹರಿದಾಗ. ಕೆಲವರಲ್ಲಿ ಎಚ್ಚರ ತಪ್ಪಿ, ಮತ್ತೆ ಎಚ್ಚರವಾಗಿ, ಚಾ ಕುಡಿದು ಮಾತಾಡಿ, ಗಂಟೆಗಳ ನಂತರ ಮತ್ತೆ ಕುಸಿಯುತ್ತಾರೆ. ಆ ನಡುವಿನ ಹೊತ್ತಿಗೆ ಲ್ಯೂಸಿಡ್ ಇಂಟರ್ವಲ್ ಎಂದು ಹೆಸರು. ಬೇಗ ತೆರೆದು ರಕ್ತ ತೆಗೆದರೆ ಚೆನ್ನಾಗಿ ಉಳಿಯುತ್ತಾರೆ. ಎಸ್‌ಡಿಎಚ್‌ನಲ್ಲಿ ಪೊರೆಯ ಒಳಗೆ ಅಭಿಧಮನಿ ಹರಿಯುತ್ತದೆ. ವಯಸ್ಸಾದವರಲ್ಲಿ, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಲ್ಲಿ ಇದು ವಾರಗಳ ನಂತರವೂ ತಲೆನೋವು, ಒಂದು ಬದಿಯ ಬಲಹೀನತೆ, ಮಂಕಾಗಿ ತಲೆದೋರಬಹುದು. ಬಚ್ಚಲಲ್ಲಿ ಜಾರಿದ್ದು ಮನೆಯವರಿಗೆ ಅಷ್ಟರಲ್ಲಿ ಮರೆತಿರುತ್ತದೆ.

ಕನ್‌ಕಷನ್ ಎಂದರೆ ಸ್ಕ್ಯಾನಿನಲ್ಲಿ ಏನೂ ಕಾಣದ, ಮಿದುಳಿನ ಕೆಲಸ ತಾತ್ಕಾಲಿಕವಾಗಿ ಕದಡಿದ ಸ್ಥಿತಿ. ಇಎನ್‌ಟಿ ಬ್ಲೀಡ್ ಎಂದರೆ ಕಿವಿ, ಮೂಗು, ಬಾಯಿಯಿಂದ ರಕ್ತ. ಕಿವಿಯಿಂದ ತಿಳಿನೀರಿನಂಥದ್ದು ಸೋರಿದರೆ ಹತ್ತಿ ತುರುಕಬೇಡಿ, ತಲೆಬುರುಡೆಯ ತಳ ಒಡೆದಿರಬಹುದು.

ಅಡಿಕೆ ಮರದಿಂದ ಬಿದ್ದವರನ್ನು ಎತ್ತಿ ತರುವುದು ಹೇಗೆ?

ಮಳೆಗಾಲದಲ್ಲಿ ಮದ್ದು ಬಿಡಲು, ಆಮೇಲೆ ಕೊಯ್ಲಿಗೆ ಹತ್ತುವವರು ಬೀಳುವುದು ಹೆಚ್ಚು. ದೋಟಿ ವಿದ್ಯುತ್ ತಂತಿಗೆ ತಾಗಿ ಬಿದ್ದಿದ್ದರೆ ಕರೆಂಟ್ ತೆಗೆಸದೆ ಮುಟ್ಟಬೇಡಿ. ಕಾಲೂರಿ ಬಿದ್ದವರಲ್ಲಿ ಹಿಮ್ಮಡಿಯ ಎಲುಬಿನ ಜೊತೆ ಸೊಂಟದ ಮೇಲಿನ ಬೆನ್ನೆಲುಬೂ ಜಜ್ಜಿರಬಹುದು. ಹಿಮ್ಮಡಿ ನೋವಷ್ಟೇ ಹೇಳಿದರೂ ಬೆನ್ನು ನೋಡಿಸಿ.

ಕೈಕಾಲು ಹಿಡಿದು ಜೋಲಿಯಂತೆ ಎತ್ತುವುದು, ಬೈಕಿನಲ್ಲಿ ಇಬ್ಬರ ನಡುವೆ ಕೂರಿಸುವುದು, ರಿಕ್ಷಾದಲ್ಲಿ ಮಡಚಿ ತರುವುದು – ಇವು ಮುರಿದ ಬೆನ್ನೆಲುಬಿನ ತುಂಡು ನರಹುರಿಗೆ ಒತ್ತುವಂತೆ ಮಾಡುತ್ತವೆ. ಹೊಡೆತಕ್ಕೆ ಉಳಿದಿದ್ದ ಕಾಲಿನ ಬಲ ಎತ್ತುವಾಗ ಹೋಗಬಹುದು. ಉಸಿರಾಟ ಸರಿಯಿದ್ದರೆ 108 ಬರುವವರೆಗೆ ಅಲ್ಲೇ ಮಲಗಿಸಿ, ಒದ್ದೆಯಾಗದಂತೆ ಮುಚ್ಚಿ. ವಾಹನ ಬಾರದ ತೋಟವಾದರೆ ಗಟ್ಟಿ ಹಲಗೆ ಅಥವಾ ಬಾಗಿಲು ತನ್ನಿ. ಒಬ್ಬರು ತಲೆಯ ಎರಡೂ ಬದಿ ಹಿಡಿದು ಎಣಿಕೆ ಹೇಳಬೇಕು, ಮೂವರು ಭುಜ, ಸೊಂಟ, ಕಾಲು ಹಿಡಿದು ಮರದ ದಿಮ್ಮಿಯಂತೆ ಒಟ್ಟಿಗೆ ಹೊರಳಿಸಬೇಕು, ಐದನೆಯವರು ಹಲಗೆ ಸರಿಸಬೇಕು. ಇದಕ್ಕೇ ಲಾಗ್ ರೋಲ್ ಎನ್ನುವುದು. ಎತ್ತುವ ಮೊದಲು ಕಾಲಿನ ಹೆಬ್ಬೆರಳು ಆಡುತ್ತಿತ್ತೇ ಎಂದು ನೋಡಿಟ್ಟುಕೊಂಡು ವೈದ್ಯರಿಗೆ ಹೇಳಿ. ಪ್ಯಾರಾಪ್ಲೀಜಿಯಾ ಎಂದರೆ ಎರಡೂ ಕಾಲಿನ ಬಲ ಹೋದದ್ದು, ಕ್ವಾಡ್ರಿಪ್ಲೀಜಿಯಾ ಎಂದರೆ ನಾಲ್ಕೂ.

ಎದೆಗೆ ಟ್ಯೂಬ್ ಹಾಕಿ ಬಾಟ್ಲಿಗೆ ಜೋಡಿಸಿದ್ದಾರೆ. ನಾವು ಏನು ಗಮನಿಸಬೇಕು?

ಶ್ವಾಸಕೋಶದ ಹೊರಗೆ ಎದೆಗೂಡಿನಲ್ಲಿ ಗಾಳಿ ಸೇರಿದರೆ ನ್ಯುಮೋಥೊರಾಕ್ಸ್, ರಕ್ತ ಸೇರಿದರೆ ಹೀಮೋಥೊರಾಕ್ಸ್. ಗಾಳಿ ಒತ್ತಡದಿಂದ ತುಂಬಿ ಹೃದಯವನ್ನೂ ತಳ್ಳತೊಡಗಿದರೆ ಟೆನ್ಷನ್ ನ್ಯುಮೋಥೊರಾಕ್ಸ್; ಅದಕ್ಕೆ ಎಕ್ಸ್‌ರೇಗೂ ಕಾಯದೆ ಸೂಜಿ ಚುಚ್ಚುತ್ತಾರೆ. ಐಸಿಡಿ ಎಂಬ ಟ್ಯೂಬ್ ಇವೆರಡನ್ನೂ ಹೊರಗೆ ಬಿಡಲು. ಬಾಟ್ಲಿಯೊಳಗಿನ ನಳಿಕೆಯ ತುದಿ ಸುಮಾರು 2 ಸೆಂಟಿಮೀಟರ್ ನೀರಿನಲ್ಲಿ ಮುಳುಗಿರುತ್ತದೆ, ಗಾಳಿ ಹೊರಗೆ ಬರಬಹುದು, ಒಳಗೆ ಹೋಗಲಾಗದು. ಉಸಿರಿಗೆ ತಕ್ಕ ಹಾಗೆ ನಳಿಕೆಯ ನೀರು ಏರಿಳಿಯುತ್ತಿರಬೇಕು.

ಬಾಟ್ಲಿ ಯಾವಾಗಲೂ ಎದೆಯ ಮಟ್ಟಕ್ಕಿಂತ ಕೆಳಗೆ. ಸ್ಕ್ಯಾನಿಗೆ ಒಯ್ಯುವಾಗ ಸ್ಟ್ರೆಚರ್ ಮೇಲೆ ಎದೆ ಪಕ್ಕ ಇಟ್ಟರೆ ನೀರು ಹಿಂದಕ್ಕೆ ಹೋಗುತ್ತದೆ. ಟ್ಯೂಬನ್ನು ನೀವಾಗಿ ಮಡಚಿ ಹಿಡಿಯಬೇಡಿ. ಬಾಟ್ಲಿ ಮಗುಚಿದರೆ, ರಕ್ತ ಒಮ್ಮೆಗೇ ಹೆಚ್ಚಾದರೆ ಸಿಸ್ಟರನ್ನು ಕೂಗಿ.

ಫಾಸ್ಟ್ ಸ್ಕ್ಯಾನ್ ನಾರ್ಮಲ್. ಹೊಟ್ಟೆಗೆ ಏನೂ ಆಗಿಲ್ಲ ಎಂದಾಯಿತಲ್ಲ?

ಫಾಸ್ಟ್ ಎಂದರೆ ಹಾಸಿಗೆ ಪಕ್ಕದಲ್ಲೇ ಹೃದಯದ ಸುತ್ತ ಮತ್ತು ಹೊಟ್ಟೆಯ ಮೂರು ಮೂಲೆಗಳಲ್ಲಿ ರಕ್ತ ನಿಂತಿದೆಯೇ ಎಂದು ನೋಡುವ ಅಲ್ಟ್ರಾಸೌಂಡ್. ಸ್ವಲ್ಪ ರಕ್ತವಿದ್ದರೆ, ಕರುಳು ತೂತಾಗಿದ್ದರೆ ಅದು ಕಾಣದು. ಆದ್ದರಿಂದ ಮತ್ತೆ ಮಾಡುತ್ತಾರೆ, ಬೇಕಾದರೆ ಸಿಟಿ. ಅಲ್ಲಿಯವರೆಗೆ ಎನ್‌ಪಿಒ, ಅಂದರೆ ಬಾಯಿಗೆ ಏನೂ ಇಲ್ಲ. ಎಳನೀರೂ ಇಲ್ಲ.

ಟಿಟಿ ಹೋದ ವರ್ಷ ಆಗಿದೆ, ಮತ್ತೆ ಬೇಕೇ?

ಮೊದಲ ಸರಣಿಯ ಎಲ್ಲ ಡೋಸ್ ಆಗಿದ್ದು ಹೋದ ವರ್ಷ ಬೂಸ್ಟರೂ ಆಗಿದ್ದರೆ ಬೇಡ. ಶುದ್ಧ ಸಣ್ಣ ಗಾಯಕ್ಕೆ 10 ವರ್ಷ, ಮಣ್ಣು ಸಗಣಿ ತಾಗಿದ ಆಳದ ಗಾಯಕ್ಕೆ 5 ವರ್ಷ ಲೆಕ್ಕ. ಡೋಸ್ ಪೂರ್ತಿಯಾಗದವರಿಗೆ ಕೊಳೆ ಗಾಯವಾದರೆ ಟೆಟನಸ್ ಇಮ್ಯುನೊಗ್ಲಾಬ್ಯುಲಿನ್ ಕೂಡ ಬೇಕು. ಈಗ ಟಿಟಿಯ ಬದಲು ಡಿಫ್ತೀರಿಯಾ ಅಂಶವೂ ಇರುವ ಟಿಡಿ ಲಸಿಕೆ ಬಂದಿದೆ.

ಎಂಎಲ್‌ಸಿ ಮಾಡಿದರೆ ಕೇಸ್ ಆಗುತ್ತದೆಯೇ? ಬೇಡ ಎನ್ನಬಹುದೇ?

ಎಂಎಲ್‌ಸಿ ಎಂದರೆ ಮೆಡಿಕೊ-ಲೀಗಲ್ ಕೇಸ್. ಅಪಘಾತ, ಹಲ್ಲೆ, ಸುಟ್ಟಗಾಯ, ವಿಷ, ಸಂಶಯದ ಗಾಯ ಬಂದಾಗ ದಾಖಲಿಸಿ ಪೊಲೀಸರಿಗೆ ತಿಳಿಸುವುದು ವೈದ್ಯರ ಕರ್ತವ್ಯ, ಮನೆಯವರ ಇಷ್ಟಕ್ಕೆ ಬಿಟ್ಟದ್ದಲ್ಲ. ಚಿಕಿತ್ಸೆ ಅದಕ್ಕಾಗಿ ಕಾಯಬಾರದು. ‘ಬಿದ್ದದ್ದು’ ಎಂದು ಸುಳ್ಳು ಬರೆಸಿದರೆ ಆಮೇಲೆ ವಿಮೆಯ ಪರಿಹಾರಕ್ಕೆ ಅದೇ ಅಡ್ಡ ಬರುತ್ತದೆ.

ಗಾಯ ಪ್ರಮಾಣಪತ್ರದಲ್ಲಿ ‘ಸಾದಾ’, ‘ತೀವ್ರ’ ಎಂದು ಬರೆಯುವುದು ಕಾನೂನಿನ ಮಾತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿ ತೀವ್ರ ಗಾಯದ ಪಟ್ಟಿಯಿದೆ. ಎಲುಬು ಅಥವಾ ಹಲ್ಲು ಮುರಿದರೆ ತೀವ್ರ. ಜೀವಕ್ಕೆ ಅಪಾಯ ತಂದರೆ, 15 ದಿನ ತೀವ್ರ ನೋವಿನಲ್ಲಿ ಇಟ್ಟರೆ ಅದೂ ತೀವ್ರ. ಹಳೆಯ ಕಾನೂನಿನಲ್ಲಿ ಅದು 20 ದಿನ ಇತ್ತು. ಹಾಗಾಗಿ ಕಿರುಬೆರಳಿನ ಹೇರ್‌ಲೈನ್ ಕೂಡ ಕಾನೂನಿಗೆ ತೀವ್ರ, ಬೆನ್ನು ತುಂಬ ಕಂದಿದ ಗಾಯ ಸಾದಾ ಆಗಬಹುದು.

ದಾರಿಯಲ್ಲಿ ಸಿಕ್ಕಿದ ಗಾಯಾಳುವನ್ನು ತಂದರೆ ನಮಗೆ ತೊಂದರೆಯೇ?

ಇಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಮಿನ ಪ್ರಕಾರ, ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಸಿವಿಲ್, ಕ್ರಿಮಿನಲ್ ಕ್ರಮ ಇಲ್ಲ. ಹೆಸರು ಕೊಡಲೇಬೇಕೆಂದಿಲ್ಲ, ಆಸ್ಪತ್ರೆಯ ಬಿಲ್ಲಿಗೂ ನೀವು ಹೊಣೆಯಲ್ಲ. 2025ರಲ್ಲಿ ಬಂದ ಕೇಂದ್ರದ ನಗದುರಹಿತ ಯೋಜನೆಯಲ್ಲಿ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿತ ಆಸ್ಪತ್ರೆಗಳಲ್ಲಿ ಅಪಘಾತದ ದಿನದಿಂದ 7 ದಿನ, 1.5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ಅವಕಾಶವಿದೆ. ಬಿಲ್ ಕೌಂಟರಿನಲ್ಲಿ ಮೊದಲೇ ಕೇಳಿ.

ತಲೆಯ ಸಿಟಿ ನಾರ್ಮಲ್, ಮನೆಗೆ ಹೋಗಿ ಎಂದರು. ಮಲಗಲು ಬಿಡಬಹುದೇ?

ಬಿಡಬಹುದು. ಮೊದಲ 24 ಗಂಟೆ ಒಬ್ಬರು ಜೊತೆಗಿರಬೇಕು. ವೈದ್ಯರು ಹೇಳಿದ ಅಂತರದಲ್ಲಿ ಎಬ್ಬಿಸಿ ಹೆಸರು, ಊರು ಕೇಳಿ. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ, ಬೈಕ್ ಬೇಡ. ನೋವಿಗೆ ಬರೆದುಕೊಟ್ಟ ಪ್ಯಾರಸಿಟಮಾಲ್ ಬಿಟ್ಟು ಬೇರೆ ಮಾತ್ರೆ ಅಂಗಡಿಯಿಂದ ತಂದು ಕೊಡಬೇಡಿ.

ಎಬ್ಬಿಸಿದರೆ ಏಳದಿದ್ದರೆ, ಎರಡಕ್ಕಿಂತ ಹೆಚ್ಚು ಸಲ ವಾಂತಿಯಾದರೆ, ತಲೆನೋವು ಏರುತ್ತ ಹೋದರೆ, ಫಿಟ್ಸ್ ಬಂದರೆ, ಮಾತು ತೊದಲಿದರೆ, ಒಂದು ಬದಿಯ ಕೈಕಾಲು ಸೋತರೆ, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿ ಕಂಡರೆ, ಮಗು ಸಮಾಧಾನವೇ ಆಗದೆ ಅಳುತ್ತಿದ್ದರೆ ರಾತ್ರಿ ಎರಡು ಗಂಟೆಯಾದರೂ 108ಕ್ಕೆ ಕರೆ ಮಾಡಿ ಹೊರಡಿ. ಬೆಳಗಿನ ಒಪಿಡಿಗೆ ಕಾಯಬೇಡಿ. ಹಳೆಯ ಸಿಟಿ ಫಿಲ್ಮ್ ಮತ್ತು ಡಿಸ್ಚಾರ್ಜ್ ಚೀಟಿ ಜೊತೆಗಿರಲಿ, ಹೊಸ ಸ್ಕ್ಯಾನನ್ನು ಅದರ ಪಕ್ಕ ಹಿಡಿದು ನೋಡುತ್ತಾರೆ.